ಹೊನ್ನೆ ಮರದ ಇಲಾಜಿಗೆ ಕೌರಿ ಕಾಡಿಗೆ

ಸುರಪುರ, ಯಾದಗಿರಿ

ನ್ಯೂಜಿಲೆಂಡಿಗೆ ಹೋಗಿ ಬಂದೆ ಎಂದರೆ ನಮ್ಮ ಕಡೆಯವರು ಮೊದಲು ಕ್ರಿಕೆಟ್ ಬಗ್ಗೆ ಕೇಳುತ್ತಾರೆ, ಆಮೇಲೆ ಕುರಿಗಳ ಬಗ್ಗೆ. ಕ್ರಿಕೆಟ್ ನಾನು ನೋಡಲಿಲ್ಲ. ಕುರಿಗಳನ್ನು ಕಾರಿನ ಕಿಟಕಿಯಿಂದ ಕಂಡೆ. ಅಷ್ಟು ದೂರ ಹೋದದ್ದು ಹತ್ತಿಕುಣಿಯ ಆಚೆಯ ಗುಡ್ಡದಲ್ಲಿ ಸಾಯುತ್ತಿದ್ದ ಹೊನ್ನೆ ಮರಗಳಿಗೆ ಏನಾದರೂ ಔಷಧಿ ಸಿಕ್ಕೀತೇ ಎಂದು ಕೇಳಲಿಕ್ಕೆ.

ನಾನು ಸುರಪುರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ, ನಿವೃತ್ತಿಗೆ ಹತ್ತಿರದಲ್ಲಿದ್ದೇನೆ. ಹೊನ್ನೆ ಒಂದು ಕಾಲಕ್ಕೆ ನಮ್ಮ ಗುಡ್ಡಗಳಲ್ಲೆಲ್ಲ ಇತ್ತಂತೆ. ಬಾಗಿಲಿಗೆ, ನೊಗಕ್ಕೆ ಎಂದು ಕಡಿದರು. ಅದರ ಕಟ್ಟಿಗೆಯ ಲೋಟದಲ್ಲಿ ನೀರಿಟ್ಟು ಕುಡಿದರೆ ಸಕ್ಕರೆ ಕಾಯಿಲೆ ಇಳಿಯುತ್ತದೆ ಎಂದು ಇನ್ನಷ್ಟು ಕಡಿದರು. ಕೊನೆಗೆ ಆ ಒಂದು ಗುಡ್ಡದ ಇಳಿಜಾರಿನಲ್ಲಿ ಬೆರಳೆಣಿಕೆಯಷ್ಟು ಹಳೆಯ ಮರಗಳು ಉಳಿದವು.

ಅವುಗಳ ಬೀಜದಿಂದ ಸಸಿ ಮಾಡುತ್ತಿದ್ದವರು ಖಾಜಾ ಹುಸೇನ್. ಹತ್ತಿಕುಣಿ ಹತ್ತಿರದ ನರ್ಸರಿಯಲ್ಲಿ ಮಾಲಿಯಾಗಿದ್ದವರು. ನೌಕರಿ ಮುಗಿದ ಮೇಲೂ ದಿನಾ ಅಲ್ಲೇ ಇರುತ್ತಾರೆ. ನಾನು ಅವರನ್ನು ಚಾಚಾ ಎನ್ನುತ್ತೇನೆ, ಅವರು ನನ್ನನ್ನು ಅಕ್ಕೋರ ಎನ್ನುತ್ತಾರೆ. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಕರೆಯುವುದೇ ಹಾಗೆ. ಹೊನ್ನೆಯ ಸಸಿ ಬರೀ ಗೊಬ್ಬರಕ್ಕೆ ಏಳುವುದಿಲ್ಲ. ಚಾಚಾ ತಾಯಿಮರದ ಬುಡದ ಮಣ್ಣು ತಂದು ಪ್ರತಿ ಚೀಲಕ್ಕೂ ಒಂದೊಂದು ಚಿಟಿಕೆ ಹಾಕುತ್ತಿದ್ದರು. "ಅವ್ವನ ಹಾಲಿಲ್ದ ಕೂಸು ಹ್ಯಾಂಗ ಬೆಳೀಬೇಕ್ರಿ?" ಎನ್ನುತ್ತಿದ್ದರು. ಆ ಮಣ್ಣಿನಲ್ಲಿ ಬೇರಿಗೆ ಆಹಾರ ಒದಗಿಸುವ ಶಿಲೀಂಧ್ರದ ಎಳೆಗಳೂ ಬ್ಯಾಕ್ಟೀರಿಯಾಗಳೂ ಇರುತ್ತವೆ ಎಂದು ನಾನು ವಿದ್ಯಾರ್ಥಿಗಳಿಗೆ ವಿವರಿಸುತ್ತಿದ್ದೆ. ಪ್ರತಿ ಮಳೆಗಾಲ ನಾವೆಲ್ಲ ಸೇರಿ ಸಸಿಗಳನ್ನು ಹೊತ್ತು ಗುಡ್ಡ ಹತ್ತುತ್ತಿದ್ದೆವು.

ಕೆಲವು ವರ್ಷಗಳಿಂದ ಹಳೆಯ ಮರಗಳು ಒಂದೊಂದಾಗಿ ಒಣಗತೊಡಗಿದವು. ಮೊದಲು ತುದಿಯ ಎಲೆ ವಿರಳವಾಗುತ್ತಿತ್ತು, ಆಮೇಲೆ ಬುಡದಲ್ಲಿ ಕೆಂಪು ಅಂಟು ಸೋರುತ್ತಿತ್ತು. ಕೊಡಲಿ ತಾಗಿದರೆ ಹೊನ್ನೆ ಹೀಗೆ ಸೋರುವುದು ಹೊಸದಲ್ಲ. ಇವಕ್ಕೆ ಯಾರ ಕೊಡಲಿಯೂ ತಾಗಿರಲಿಲ್ಲ. ಈ ಬಗ್ಗೆ ನಾನು ಬರೆದದ್ದನ್ನು ಓದಿ, ನ್ಯೂಜಿಲೆಂಡಿನಲ್ಲಿ ಕಾಯಿಲೆ ಬಿದ್ದ ಮರಗಳನ್ನು ನೋಡಿಕೊಳ್ಳುವ ಒಂದು ಗುಂಪು ಬರಲು ಹೇಳಿತು.

ಹೈದರಾಬಾದಿನ ಗಾಡಿ ಹತ್ತಿಸಲು ಚಾಚಾ ಯಾದಗಿರಿ ಸ್ಟೇಷನ್ನಿಗೆ ಬಂದಿದ್ದರು. "ಅಲ್ಲಿ ಮಂದಿ ಶ್ಯಾಣ್ಯಾ ಅದಾರಂತ," ಎಂದರು. "ಇಲಾಜು ಏನಂತ ಕೇಳ್ಕೊಂಡ ಬರ್ರಿ. ನಾಚಿಕೋಬ್ಯಾಡ್ರಿ, ಎರಡ ಸಲ ಕೇಳ್ರಿ."

ಆಕ್ಲೆಂಡ್

ವಿಮಾನ ಇಳಿಯುವ ಮೊದಲು ಒಂದು ಅರ್ಜಿ ತುಂಬಬೇಕಿತ್ತು. ತಿನ್ನುವ ಪದಾರ್ಥ ಇದೆಯೇ, ಕಾಡಿಗೆ ಹೋಗಿದ್ದಿರಾ, ಬೂಟಿಗೆ ಮಣ್ಣಿದೆಯೇ ಎಂದೆಲ್ಲ ಪ್ರಶ್ನೆಗಳು. ಕಟಿ ರೊಟ್ಟಿ, ಶೇಂಗಾ ಹಿಂಡಿ ಇದೆ ಎಂದು ಬರೆದೆ. ಕಾಡಿಗೆ ಹೋದದ್ದೂ ಹೌದು ಎಂದೆ. ಹೊರಡುವ ಎರಡು ದಿನ ಮೊದಲು ಮರಗಳ ಫೋಟೋ ತೆಗೆಯಲು ಗುಡ್ಡ ಹತ್ತಿದ್ದೆ. ಬೂಟು ಮಾತ್ರ ಸ್ವಚ್ಛ ಎಂದು ಬರೆದೆ. ಬಟ್ಟೆಯಿಂದ ಒರೆಸಿದ್ದೆನಲ್ಲ.

ರೊಟ್ಟಿಯನ್ನು ನಿಲ್ದಾಣದ ತಪಾಸಣೆಯವರು ತಟ್ಟಿ ನೋಡಿ ವಾಪಸು ಕೊಟ್ಟರು. ಬೂಟಿನ ವಿಷಯಕ್ಕೆ ಬಂದಾಗ ಮೇಜಿನ ಆಚೆಯ ಹುಡುಗಿ ಅದನ್ನು ತಿರುವಿ ಹಾಕಿ ದೀಪ ಹಿಡಿದಳು. ಅಡಿಯ ಗೆರೆಗಳ ನಡುವೆ ಮಣ್ಣು ಗಟ್ಟಿಯಾಗಿ ಕೂತಿತ್ತು. ಅವಳು ಬೈಯಲಿಲ್ಲ. "ಇದನ್ನು ತೊಳೆದು ತರುತ್ತೇವೆ, ಕೂತಿರಿ," ಎಂದು ಬೂಟು ತೆಗೆದುಕೊಂಡು ಹೋದಳು.

ಬರೀ ಕಾಲುಚೀಲದಲ್ಲಿ ಬೆಂಚಿನ ಮೇಲೆ ಕೂತೆ. ಹಾದುಹೋಗುವವರೆಲ್ಲ ನನ್ನ ಕಾಲನ್ನೇ ನೋಡುತ್ತಿದ್ದಾರೆ ಅನ್ನಿಸಿತು. ನಮ್ಮಲ್ಲಿ ಹೊರಗಿನಿಂದ ಬಂದವರು ಕಾಲು ತೊಳೆದು ಒಳಗೆ ಬರುತ್ತಾರೆ. ಅದು ಮನೆಗೆ, ಗುಡಿಗೆ, ದರ್ಗಾಕ್ಕೆ. ಒಂದು ದೇಶಕ್ಕೆ ಕಾಲಿಡುವಾಗ ಇನ್ನೊಬ್ಬರು ನನ್ನ ಬೂಟು ತೊಳೆಯಬೇಕಾಯಿತಲ್ಲ ಎಂದು ಮೈ ಹಿಡಿಯಾಯಿತು. ಹುಡುಗಿ ಬೂಟನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ತಂದುಕೊಟ್ಟಳು. ಇನ್ನೂ ಹಸಿ ಇತ್ತು, ದವಾಖಾನೆಯ ವಾಸನೆ ಹೊಡೆಯುತ್ತಿತ್ತು.

ಉತ್ತರದ ಊರು

ನನ್ನನ್ನು ಕರೆದೊಯ್ಯಲು ಮೇರೆ ಎಂಬ ಹೆಂಗಸು ಬಂದಿದ್ದಳು. ಅಲ್ಲಿನ ಮೂಲನಿವಾಸಿ ಮಾವೊರಿ ಜನದವಳು, ಹೆಚ್ಚು ಕಡಿಮೆ ನನ್ನದೇ ವಯಸ್ಸು. ತನ್ನ ಕುಲದವರ ಕಾಡನ್ನು ಕಾಯುವುದು ಅವಳ ಕೆಲಸ. ಭೇಟಿಯಾದ ಕೂಡಲೇ ನನ್ನ ಭುಜ ಹಿಡಿದು, ಹಣೆಗೆ ಹಣೆ, ಮೂಗಿಗೆ ಮೂಗು ತಾಗಿಸಿ ಒಂದು ಗಳಿಗೆ ಸುಮ್ಮನೆ ನಿಂತಳು. ಅವರ ನಮಸ್ಕಾರ ಅದು. ನನಗೆ ಗೊತ್ತಿರಲಿಲ್ಲ, ಹಿಂದೆ ಸರಿಯಲು ಹೋಗಿ ಕನ್ನಡಕ ಬೀಳಿಸಿದೆ. ಅವಳೇ ಬಗ್ಗಿ ಎತ್ತಿ, ತನ್ನ ಅಂಗಿಯಿಂದ ಒರೆಸಿ ಕೊಟ್ಟಳು.

ಕಾರಿನಲ್ಲಿ ಉತ್ತರಕ್ಕೆ ಹೊರಟೆವು. ದಾರಿಯ ಊರುಗಳಲ್ಲಿ ದೊಡ್ಡ ದೊಡ್ಡ ಅಂಗಡಿಗಳಿಗೆ ಜನ ಬರಿಗಾಲಲ್ಲಿ ಬರುತ್ತಾರೆ, ಮುದುಕರೂ ಕೂಡ. ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರನಿಗೆ ಕೂಗಿ ಧನ್ಯವಾದ ಹೇಳುತ್ತಾರೆ. ಶಹಾಪುರದ ಬಸ್ಸಿನಲ್ಲಿ ಹಾಗೆ ಹೇಳಿದರೆ ಕಂಡಕ್ಟರು ಚಿಲ್ಲರೆ ಬಾಕಿ ಇದೆಯೇನೋ ಎಂದು ತಿರುಗಿ ನೋಡುತ್ತಾನೆ. ಇದನ್ನು ಹೇಳಿದಾಗ ಮೇರೆ ಬಹಳ ಹೊತ್ತು ನಕ್ಕಳು. ಕಾಡು ಹತ್ತಿರವಾದಂತೆ ಅವಳ ಮಾತು ಕಡಿಮೆಯಾಯಿತು.

ಅಲ್ಲಿನ ಕೌರಿ ಮರಗಳು ಸಾಯುತ್ತಿವೆ. ಕುಲದ ಹಿರಿಯರು ಕಾಡಿನ ಬಹುಪಾಲಿಗೆ ಜನ ಹೋಗಬಾರದೆಂದು ಕಟ್ಟು ಹಾಕಿದ್ದಾರೆ. ನಮ್ಮಲ್ಲಿ ಮನೆಯೊಳಗೆ ಯಾರಿಗಾದರೂ ಅಮ್ಮ ಎದ್ದರೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ, ನೆರೆಯವರು ತಾವಾಗಿಯೇ ದೂರ ಉಳಿಯುತ್ತಾರೆ. ಹಾಗೆಯೇ ಇದೂ. ತೆರೆದಿದ್ದದ್ದು ಹಲಗೆ ಹಾಸಿದ ಒಂದು ಸಣ್ಣ ದಾರಿ ಮಾತ್ರ. ಅದರ ಬಾಯಲ್ಲಿ ಬೂಟು ತಿಕ್ಕುವ ಬ್ರಷ್ಷುಗಳೂ ಔಷಧಿ ನೀರೂ ಇದ್ದವು. ನಾನು ಬೇಗ ಬೇಗ ಮುಗಿಸಿ ಹೊರಟೆ. ಮೇರೆ ಕೈ ಹಿಡಿದು ನಿಲ್ಲಿಸಿದಳು.

"ಇನ್ನೊಮ್ಮೆ, ನೀಲಾ."

ನೀಲಮ್ಮ ಎನ್ನಲು ಅವಳಿಗೆ ಬರುತ್ತಿರಲಿಲ್ಲ. ನಾನು ಇನ್ನೊಮ್ಮೆ ತಿಕ್ಕಿದೆ. ಅವಳು ತನ್ನ ಭಾಷೆಯಲ್ಲಿ ಕಾಡಿಗೆ ಏನೋ ಹೇಳಿಕೊಂಡಳು, ಆಮೇಲೆ ಒಳಗೆ ಹೋದೆವು.

ಮೊದಲ ಕೌರಿಯನ್ನು ನಾನು ಗೋಡೆ ಅಂದುಕೊಂಡೆ. ಅದರ ಕಾಂಡ ನಮ್ಮೂರ ಸೇದುವ ಬಾವಿಯ ಬಾಯಿಗಿಂತ ಅಗಲ, ಬೂದು ಬಣ್ಣ, ಬಹಳ ಎತ್ತರದವರೆಗೆ ಒಂದು ಕೊಂಬೆಯೂ ಇಲ್ಲ. ಮುಂದಿನ ತಿರುವಿನಲ್ಲಿ ಅಷ್ಟೇ ದೊಡ್ಡ ಇನ್ನೊಂದು ಮರ ಒಂದೆಲೆಯೂ ಇಲ್ಲದೆ ನಿಂತಿತ್ತು. ಬುಡದ ಸುತ್ತ ಬಿಳಿ ಹಳದಿ ಅಂಟು ಸೋರಿ ಒಣಗಿತ್ತು. ನಮ್ಮ ಹೊನ್ನೆಗೂ ಇದಕ್ಕೂ ಬಣ್ಣ ಒಂದು ಬೇರೆ, ಜಾಗ ಅದೇ, ಸೋರಿದ ರೀತಿಯೂ ಅದೇ. ನನಗೆ ಅಳು ಬಂತು. ಮೇರೆ ಹಲಗೆಯ ಮೇಲೆ ಪಕ್ಕದಲ್ಲಿ ಕೂತಳು.

ಅವಳು ವಿವರಿಸಿದ್ದು ಇಷ್ಟು. ಮಣ್ಣಿನಲ್ಲಿ ಕಣ್ಣಿಗೆ ಕಾಣದ ಒಂದು ಜೀವಿ ಇದೆ. ಒದ್ದೆ ಮಣ್ಣಿನಲ್ಲಿ ಈಜಿಕೊಂಡು ಬಂದು ಎಳೆಯ ಬೇರುಗಳನ್ನು ಕೊಳೆಸುತ್ತದೆ. ಮರ ವರ್ಷಗಟ್ಟಲೆ ಉಪವಾಸ ಬೀಳುತ್ತದೆ. ಅಂಟು ಸೋರುವುದು ಕಣ್ಣಿಗೆ ಬೀಳುವ ಹೊತ್ತಿಗೆ ಒಳಗಿನ ಕೆಲಸ ಮುಗಿದಿರುತ್ತದೆ. ಇದೇ ಕುಲದ ರೋಗಾಣುಗಳ ಬಗ್ಗೆ ನಾನು ಎಷ್ಟೋ ಸಲ ಪಾಠ ಮಾಡಿದ್ದೆ. ನಮ್ಮ ಪಾಠದಲ್ಲಿ ಅದು ಮಳೆ ಸೀಮೆಯ ತೋಟಗಳ ರೋಗ. ನಮ್ಮ ಒಣ ಕಲ್ಲುಗುಡ್ಡಕ್ಕೆ ಅದು ಬರುತ್ತದೆ ಎಂದು ಎಂದೂ ಯೋಚಿಸಿರಲಿಲ್ಲ.

ಔಷಧಿ ಏನು ಎಂದು ಕೇಳಿದೆ. ಕಾಂಡಕ್ಕೆ ಸೂಜಿಯಿಂದ ಒಂದು ಮದ್ದು ಕೊಡುತ್ತಾರೆ, ಮರ ಇನ್ನಷ್ಟು ಕಾಲ ತಡೆಯುತ್ತದೆ ಎಂದಳು.

"ಮಣ್ಣಿಗೆ?"

"ಕಾಡಿನ ಮಣ್ಣಿಗೆ ಮದ್ದಿಲ್ಲ."

ಚಾಚಾ ಹೇಳಿದಂತೆ ಎರಡನೆಯ ಸಲ ಕೇಳಿದೆ. ಅವಳು ತಲೆ ಅಲ್ಲಾಡಿಸಿದಳು.

ಆಲನ್ನರ ಅಡುಗೆಮನೆ

ಮರುದಿನ ಮೇರೆ ಮೀನಿನ ಒಂದು ಪೊಟ್ಟಣ ಹಿಡಿದು ನನ್ನನ್ನು ಒಬ್ಬ ಮುದುಕರ ಮನೆಗೆ ಕರೆದೊಯ್ದಳು. ಹೆಸರು ಆಲನ್. ತಾರುಣ್ಯದಲ್ಲಿ ಒಂದು ಅರಣ್ಯ ನರ್ಸರಿಯಲ್ಲಿ ಕೆಲಸ ಮಾಡಿದವರು. ಈಗ ಕೈ ನಡುಗುತ್ತಿತ್ತು. ಆದರೂ ಚಹಾ ತಾವೇ ಸುರಿದರು, ತಟ್ಟೆಯಲ್ಲಿ ಚೆಲ್ಲಿದ್ದನ್ನು ತಾವೇ ಒರೆಸಿದರು. ಅತಿಥಿ ಎದ್ದು ಸಹಾಯ ಮಾಡುವುದು ಅವರಿಗೆ ಇಷ್ಟವಿಲ್ಲ ಎಂದು ಮೇರೆ ಕಣ್ಸನ್ನೆ ಮಾಡಿದಳು.

"ನೀವೂ ಸಸಿ ಬೆಳೆಸುವವರಂತೆ," ಎಂದರು.

ನಾನು ಹೆಮ್ಮೆಯಿಂದಲೇ ಚಾಚಾನ ಬಗ್ಗೆ, ತಾಯಿಮರದ ಮಣ್ಣಿನ ಬಗ್ಗೆ ಹೇಳಿದೆ. ಅವರು ಪೂರ್ತಿ ಕೇಳಿ, ಆಮೇಲೆ ತಮ್ಮ ಕಥೆ ಹೇಳಿದರು. ಅವರ ನರ್ಸರಿಯಲ್ಲಿ ಕೌರಿ ಸಸಿಗಳನ್ನು ಪೆಟ್ಟಿಗೆಯಲ್ಲಿಟ್ಟು ಊರೂರಿಗೆ ಕಳಿಸುತ್ತಿದ್ದರು. ಲಾರಿಗೆ ಏರಿಸುತ್ತಿದ್ದವರು ಆಲನ್ನರೇ. ಎಷ್ಟೋ ವರ್ಷಗಳ ಮೇಲೆ ಮರಗಳು ಸಾಯತೊಡಗಿದಾಗ, ತಾವು ಪೆಟ್ಟಿಗೆ ಕಳಿಸಿದ ಜಾಗಗಳ ಹೆಸರೇ ಒಂದಾದ ಮೇಲೊಂದು ಅವರ ಕಿವಿಗೆ ಬಿದ್ದವು.

"ಹಾಗೇ ಹಬ್ಬಿತು ಎಂದು ಯಾರೂ ಖಚಿತವಾಗಿ ಹೇಳುವುದಿಲ್ಲ," ಎಂದರು. "ನನಗೆ ಖಚಿತವೇ. ಆ ಸಸಿಗಳ ಬೇರು ಕಪ್ಪಗಿದ್ದದ್ದು ನನಗೆ ನೆನಪಿದೆ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂದುಕೊಂಡು ಮಾಡಿದೆ."

ಆಮೇಲೆ ಕೇಳಿದರು: "ಅದು ನೀರಿನಲ್ಲೂ ಬರುತ್ತದೆ. ನಿಮ್ಮ ಸಸಿಗಳಿಗೆ ಯಾವ ನೀರು ಹಾಕಿದಿರಿ?"

ಬೋರಿನ ನೀರು ಎಂದೆ. ಎಂದ ಮೇಲೆ ನೆನಪಾಯಿತು. ಒಂದು ಬೇಸಿಗೆಯಲ್ಲಿ ನರ್ಸರಿಯ ಬೋರು ಬತ್ತಿತ್ತು. ಕೆರೆಯ ಕಾಲುವೆಯ ಕೆಳಗಿನ ಗದ್ದೆಗಳಿಂದ ಬಸಿದ ನೀರು ಒಂದು ಹೊಂಡದಲ್ಲಿ ನಿಲ್ಲುತ್ತಿತ್ತು. ಅಲ್ಲಿಂದ ಪೈಪು ಹಾಕಿಸೋಣ ಎಂದವಳು ನಾನು. ಓಡಾಡಿ ಅನುಮತಿ ತಂದವಳೂ ನಾನೇ. ಚಾಚಾ ಬೇಡ ಎಂದಿದ್ದರು.

"ನಿಂತ ನೀರದು, ನಾರಾಕತ್ತದ್ರಿ ಅಕ್ಕೋರ. ಎಳಿ ಬೇರಿಗೆ ಬ್ಯಾಡ್ರಿ. ನಾ ಕೆರಿಯಿಂದ ಕೊಡದಾಗ ಹೊತ್ತ ತರ್ತೀನಿ."

"ಇಷ್ಟೆಲ್ಲ ಸಸಿಗೆ ಕೊಡದಾಗ ಹೊತ್ತರ ನಿಮ್ಮ ಟೊಂಕ ಉಳೀತದೇನು ಚಾಚಾ?" ಎಂದಿದ್ದೆ ನಾನು. "ನೀರು ಎಲ್ಲಿದಾದ್ರೂ ನೀರ."

ಆ ವರ್ಷದಿಂದ ಪ್ರತಿ ಬೇಸಿಗೆಗೂ ಅದೇ ನೀರು. ಆ ಸಸಿಗಳನ್ನೇ ಗುಡ್ಡಕ್ಕೆ ಹೊತ್ತದ್ದು. ಹಳೆಯ ಮರಗಳ ನೆರಳಲ್ಲಿ ನೆಟ್ಟರೆ ತಾಯಿಯ ಮಣ್ಣು ಸಿಗುತ್ತದೆ ಎಂದು ಅವುಗಳ ಬುಡದ ಸುತ್ತಲೇ ನೆಟ್ಟದ್ದು.

ಆಲನ್ ಒಂದು ಕಾಗದ ಕೊಟ್ಟರು. ನಾನು ಗುಡ್ಡದ ನಕ್ಷೆ ಬರೆದೆ. ಸತ್ತ ಮರಗಳಿಗೆ ಗೀಟು ಹಾಕಿದೆ, ಸಸಿ ನೆಟ್ಟ ಜಾಗಗಳಿಗೆ ಸುತ್ತು ಹಾಕಿದೆ. ಪ್ರತಿ ಗೀಟಿನ ಪಕ್ಕದಲ್ಲೂ ಒಂದು ಸುತ್ತಿತ್ತು. ನಾವು ನೆಡದೆ ಬಿಟ್ಟ ಮೇಲಿನ ಇಳಿಜಾರಿನಲ್ಲಿ ಹಳೆಯ ಮರಗಳಿದ್ದರೂ ಒಂದೂ ಗೀಟಿರಲಿಲ್ಲ. ಚಹಾ ಆರಿಹೋಯಿತು.

ವಾಪಸು ಬರುವಾಗ ಕಾರಿನಲ್ಲಿ ಕೇಳಿದೆ, "ಅವರ ಕೈಯಿಂದ ನಿಮ್ಮ ಕಾಡಿಗೆ ಇದು ಬಂದಿದ್ದರೆ, ಅವರಿಗೆ ಮೀನು ಹೇಗೆ ತಂದುಕೊಡುತ್ತೀ?"

ಮೇರೆ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ನಮ್ಮ ಜನ ಸೇರಿದ್ದಾಗ ಅವರೇ ಬಂದರು. ಎಲ್ಲರೆದುರು ನಿಂತು ಹೇಳಿದರು. ನಮ್ಮಣ್ಣ ಕೂಗಾಡಿದ. ಅವರು ಕೂರಲಿಲ್ಲ, ಹೊರಗೂ ಹೋಗಲಿಲ್ಲ. ರೋಗವನ್ನು ಎಲ್ಲೆಲ್ಲಿ ಹುಡುಕಬೇಕು ಎಂದು ನಮಗೆ ಗೊತ್ತಾದದ್ದು ಆ ದಿನದಿಂದ."

ಉಳಿದ ದಿನಗಳಲ್ಲಿ ಹಲವು ಪಾಠಗಳಾದವು, ಸಮುದ್ರವನ್ನೂ ನೋಡಿದೆ. ಅದರಲ್ಲಿ ಬರೆಯುವಂಥದ್ದು ನನಗೆ ಈಗ ಏನೂ ನೆನಪಾಗುತ್ತಿಲ್ಲ.

ಹತ್ತಿಕುಣಿ

ಬಂದ ಮೇಲೆ ಚಾಚಾನ ಎದುರು ಹೋಗಲು ಧೈರ್ಯ ಸಾಲಲಿಲ್ಲ. ನರ್ಸರಿಯ ಮಣ್ಣು, ಹೊಂಡದ ನೀರು, ಗುಡ್ಡದ ಮಣ್ಣು ಮೂರನ್ನೂ ರಾಯಚೂರಿನ ಒಂದು ಪ್ರಯೋಗಾಲಯಕ್ಕೆ ಕಳಿಸಿದೆ. ಫಲಿತಾಂಶ ಬರಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಫೋನು ಬಂದಾಗಲೆಲ್ಲ "ಪರೀಕ್ಷೆ ನಡೆಯಾಕತ್ತಾವ ಚಾಚಾ" ಎಂದು ಇಟ್ಟುಬಿಡುತ್ತಿದ್ದೆ. ಫಲಿತಾಂಶ ಬಂತು. ಮೂರರಲ್ಲೂ ಅದೇ ಕುಲದ ರೋಗಾಣು ಇತ್ತು. ಆ ಕಾಗದವನ್ನೂ ಒಂದು ವಾರ ಬ್ಯಾಗಿನಲ್ಲೇ ಇಟ್ಟುಕೊಂಡು ತಿರುಗಿದೆ.

ಕೊನೆಗೆ ಹೋದಾಗ ಅವರು ನರ್ಸರಿಯ ಬೇವಿನ ಕೆಳಗೆ ಚೀಲಗಳಿಗೆ ಮಣ್ಣು ತುಂಬುತ್ತಿದ್ದರು. ಬರುವ ಮಳೆಗಾಲಕ್ಕೆ. ನನ್ನ ಮುಖ ನೋಡಿ ಕೈ ಝಾಡಿಸಿಕೊಂಡರು.

"ಇಲಾಜು ಇಲ್ಲೇನ್ರಿ?"

"ಇಲ್ರಿ ಚಾಚಾ."

ನಾನು ಕೂತು ಎಲ್ಲ ಹೇಳಿದೆ. ಆಲನ್ನರ ಪೆಟ್ಟಿಗೆಗಳ ಬಗ್ಗೆ, ನಕ್ಷೆಯ ಬಗ್ಗೆ, ಹೊಂಡದ ನೀರಿನ ಬಗ್ಗೆ. ಚಾಚಾ ತಮ್ಮ ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕೇಳಿದರು. "ನೀರ ಹಾಕಿದ ಕೈ ನಂದ್ರಿ," ಎಂದರು.

"ಹಾಕ್ರಿ ಅಂದಾಕಿ ನಾನು. ನೀವು ಬ್ಯಾಡ ಅಂದಿದ್ರಿ."

"ಅಂದಿದ್ದೆನೇನ್ರಿ? ನನಗ ನೆನಪಿಲ್ಲ."

ಯಾವ ಸಸಿ ಯಾವ ಮರದ ಬೀಜದ್ದು, ಯಾವ ಮಳೆಯಲ್ಲಿ ನೆಟ್ಟದ್ದು ಎಂದು ಒಂದೊಂದನ್ನೂ ಹೇಳಬಲ್ಲವರು ಅವರು. ನೆನಪಿಲ್ಲ ಎಂದದ್ದು ನನಗಾಗಿ. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ಸಸಿಗಳನ್ನೆಲ್ಲ ಸುಡಬೇಕಿತ್ತು. ಕಾಲೇಜಿನ ಹುಡುಗರನ್ನು ಕರೆಸುತ್ತೇನೆ ಎಂದೆ. "ಬ್ಯಾಡ್ರಿ, ನಾನ ಮಾಡ್ತೀನಿ," ಎಂದರು. ಎರಡು ದಿನ ಒಬ್ಬರೇ ಕೂತು ಪ್ರತಿ ಚೀಲವನ್ನೂ ಸೀಳಿದರು. ಬೇರು ಬೆಳ್ಳಗಿದ್ದದ್ದು ಕಂಡಾಗ ಒಂದು ಕ್ಷಣ ಕೈ ನಿಲ್ಲುತ್ತಿತ್ತು, ಆಮೇಲೆ ಅದನ್ನೂ ರಾಶಿಗೆ ಹಾಕುತ್ತಿದ್ದರು. ಕಣ್ಣಿಗೆ ಚೆನ್ನಾಗಿ ಕಂಡದ್ದನ್ನೂ ನಂಬುವಂತಿರಲಿಲ್ಲ. ಮಣ್ಣನ್ನು ಹರವಿ, ನೀರು ಚಿಮುಕಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿದೆವು. ನಮ್ಮ ಏಪ್ರಿಲ್ ಬಿಸಿಲಿಗೆ ಅದರಡಿಯ ರೋಗಾಣು ಬೇಯುತ್ತದೆ ಎಂದು ಮೇರೆ ಬರೆದು ತಿಳಿಸಿದ್ದಳು. ರೋಗಾಣುವಿನ ಜೊತೆಗೆ ಚಾಚಾ ಚಿಟಿಕೆ ಚಿಟಿಕೆಯಾಗಿ ಬೆರೆಸಿದ್ದ ತಾಯಿಮಣ್ಣಿನ ಜೀವಗಳೂ ಬೆಂದವು. ಅದನ್ನು ನಾನು ಅವರಿಗೆ ಹೇಳಲಿಲ್ಲ. ಹಾಳೆಯ ಮೇಲೆ ಅಂಗೈ ಇಟ್ಟು ಕಾವು ನೋಡಿ, "ಎಲ್ಲಾ ಹೋಗ್ತಾವಲ್ರಿ," ಎಂದು ಅವರೇ ಅಂದರು.

ಗುಡ್ಡವನ್ನು ಹಾಗೆ ಮುಚ್ಚಲಾಗುವುದಿಲ್ಲ. ಊರ ಅಗಸಿ ಬಾಗಿಲ ಹತ್ತಿರ ಜನರನ್ನು ಸೇರಿಸಿ, ಮಳೆಗಾಲದಲ್ಲಿ ಯಾರೂ ಆ ಇಳಿಜಾರಿಗೆ ಹೋಗಬೇಡಿ, ಕಾಲಿಗೆ ಅಂಟಿದ ಹಸಿ ಮಣ್ಣಿನೊಂದಿಗೆ ರೋಗ ಉಳಿದ ಮರಗಳಿಗೂ ಹೋಗುತ್ತದೆ ಎಂದೆ. ಅದು ಗುಡ್ಡಕ್ಕೆ ಬಂದದ್ದು ನನ್ನಿಂದ ಎಂದೂ ಹೇಳಿದೆ. ನಿಂತೇ ಹೇಳಿದೆ.

"ಇಷ್ಟ ವರ್ಷ ಗಿಡ ಹಚ್ರಿ, ಗುಡ್ಡ ಹತ್ರಿ ಅಂತ ನೀವ ಹೇಳಿದ್ರಿ," ಎಂದ ಒಬ್ಬ. "ಈಗ ಹೋಗಬ್ಯಾಡ್ರಿ ಅಂತನೂ ನೀವ ಹೇಳ್ತೀರಿ."

ಅವನು ಹೇಳಿದ್ದು ಸರಿಯಾಗಿತ್ತು. ಆಡು ಕಾಯುವ ಮಲ್ಲಮ್ಮ ಎದ್ದು ಕೇಳಿದಳು, "ನಮ್ಮ ಆಡ ಎಲ್ಲಿ ಮೇಯಬೇಕ್ರಿ ಅಕ್ಕೋರ?" ಚಾಚಾ ಎದ್ದರು. ತಮ್ಮ ಸಣ್ಣ ಹೊಲ ಗುಡ್ಡದ ಆ ಮಗ್ಗುಲಿಗಿದೆ, ಈ ವರ್ಷ ಬಿತ್ತುವುದಿಲ್ಲ, ಅಲ್ಲಿ ಬಿಡಿ ಎಂದರು. ಮಲ್ಲಮ್ಮ ಅವರನ್ನೇ ನೋಡುತ್ತ ನಿಂತಳು. "ನೀವೇನ ತಿಂತೀರಿ ಕಾಕಾ?" ಎಂದಳು. ಅವರು ತಲೆಯ ವಸ್ತ್ರ ಸರಿಮಾಡಿಕೊಂಡು ಕೂತರು. ಆಮೇಲೆ ಯಾರೂ ಎದುರಾಡಲಿಲ್ಲ.

ಜೂನಿನ ಮೊದಲ ಮಳೆಗಳು ಬಿದ್ದ ಮೇಲೆ ಮತ್ತೆ ಹೋದೆ. ಚಾಚಾ ಗುಡ್ಡದ ಬುಡದಲ್ಲಿ, ದಾರಿ ಶುರುವಾಗುವಲ್ಲಿ ಒಂದು ಕಲ್ಲಿನ ಮೇಲೆ ಕೂತಿದ್ದರು. ಯಾರೂ ಮೇಲೆ ಹತ್ತದಂತೆ ಕಾಯಲು ಬೆಳಿಗ್ಗೆ ಬಂದು ಕೂತರೆ ಸಂಜೆ ಏಳುತ್ತಾರಂತೆ. ಪ್ರತಿ ಮಳೆಗಾಲ ಸಸಿ ಹೊತ್ತು ಎಲ್ಲರಿಗಿಂತ ಮೊದಲು ಹತ್ತುತ್ತಿದ್ದವರು. ನಾನೂ ಪಕ್ಕದಲ್ಲಿ ಕೂತೆ. ಅವರ ಕಣ್ಣು ಈಗ ದೂರದ್ದನ್ನು ಹಿಡಿಯುವುದಿಲ್ಲ. ಕಾಲೇಜಿನಿಂದ ತಂದ ದುರ್ಬೀನನ್ನು ತೆಗೆದು ನಾನು ಮೇಲೆ ನೋಡತೊಡಗಿದೆ. ಅವರು ಒಂದೊಂದೇ ಮರದ ಬಗ್ಗೆ ಕೇಳತೊಡಗಿದರು.

"ಕರಿ ಬಂಡಿಗಲ್ಲಿನ ಮ್ಯಾಲಿಂದು?"

"ಚಿಗುರ್ಯಾದ್ರಿ."

"ಅದರ ಬಲಕ್ಕಿಂದು?"

"ಅದೂ ಚಿಗುರ್ಯಾದ. ತುದಿ ಸ್ವಲ್ಪ ಬೋಳ ಅದ."

"ಜೋಡಿ ಹೊನ್ನಿ?"

ನಾನು ದುರ್ಬೀನನ್ನು ಸರಿಮಾಡಿಕೊಂಡೆ. ಮತ್ತೊಮ್ಮೆ ನೋಡಿದೆ.

"ಒಂದು ಚಿಗುರ್ಯಾದ್ರಿ ಚಾಚಾ."

ಇನ್ನೊಂದರ ಬಗ್ಗೆ ಅವರು ಕೇಳಲಿಲ್ಲ. ತಲೆಗೆ ಸುತ್ತಿದ್ದ ವಸ್ತ್ರದ ಚುಂಗಿನಿಂದ ಮುಖ ಒರೆಸಿಕೊಂಡರು. ಹನಿ ಬೀಳತೊಡಗಿತ್ತು.

"ಹೂಂ," ಎಂದರು. "ಮುಂದಿಂದು ನೋಡ್ರಿ."